ಫೋನಿನ ಫೋಟೊಗಳು ಕಂಪ್ಯೂಟರಿಗೆ: ಕೇಬಲ್‌ನಿಂದ ಕೊನೆಯ ಎಣಿಕೆಯವರೆಗೆ

ಕೆಲಸ ಇಷ್ಟು. 128 ಜಿಬಿಯ ಆಂಡ್ರಾಯ್ಡ್ ಫೋನು, ಒಳಗೆ ಸುಮಾರು 45 ಜಿಬಿ ಫೋಟೊ ಮತ್ತು ವಿಡಿಯೊ, ಎದುರಿಗೆ ವಿಂಡೋಸ್ 11 ಲ್ಯಾಪ್‌ಟಾಪ್. ಎಲ್ಲವೂ ಈಚೆ ಬರಬೇಕು, ತೆಗೆದ ದಿನಾಂಕ ಕೆಡಬಾರದು, ಪೂರ್ತಿ ಬಂದಿದೆ ಎಂದು ಖಾತರಿಯಾದ ಮೇಲೆಯೇ ಫೋನಿನಲ್ಲಿ ಜಾಗ ಖಾಲಿ ಮಾಡಬೇಕು. ಐಫೋನಿನ ರಗಳೆಯೇ ಬೇರೆ, ಟಚ್ ಸತ್ತ ಫೋನಿನ ಕಥೆ ಇನ್ನೂ ಬೇರೆ. ಅವೆರಡೂ ಮುಂದೆ ಬರುತ್ತವೆ.

ಬೇಕಾಗುವ ಸಾಮಾನು ಕಡಿಮೆ: ಡೇಟಾ ಹರಿಯುವ ಒಂದು ಕೇಬಲ್, ಲ್ಯಾಪ್‌ಟಾಪಿನಲ್ಲಿ ಕನಿಷ್ಠ 60 ಜಿಬಿ ಖಾಲಿ ಜಾಗ, ಎರಡನೇ ಪ್ರತಿಗೆ ಒಂದು ಹೊರಗಿನ ಹಾರ್ಡ್‌ಡಿಸ್ಕ್, ಒಂದು ಟಾರ್ಚು, ಹಲ್ಲಿಗೆ ಹಾಕುವ ಮರದ ಕಡ್ಡಿ. ಕಡ್ಡಿ ಯಾಕೆ ಎಂಬುದು ಈಗಲೇ ಗೊತ್ತಾಗುತ್ತದೆ.

ಮೊದಲು ಕೇಬಲ್ಲಿನ ವಿಚಾರಣೆ

ಫೋನ್ ಸಿಕ್ಕಿಸಿದರೆ ಚಾರ್ಜ್ ಆಗುತ್ತದೆ, ಕಂಪ್ಯೂಟರಿನಲ್ಲಿ ಮಾತ್ರ ಕಾಣುವುದಿಲ್ಲ. ಇಂಥ ದೂರು ಬಂದಾಗ ಹೆಚ್ಚಿನವರು ಡ್ರೈವರ್ (ಫೋನನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶ) ಹುಡುಕಲು ಹೊರಡುತ್ತಾರೆ. ಮೊದಲು ಅನುಮಾನಿಸಬೇಕಾದದ್ದು ಕೇಬಲ್ಲನ್ನು. ಯುಎಸ್‌ಬಿ 2.0 ಕೇಬಲ್ಲಿನಲ್ಲಿ ನಾಲ್ಕು ತಂತಿ ಇರುತ್ತವೆ: ಕರೆಂಟಿಗೆ ಕೆಂಪು ಮತ್ತು ಕಪ್ಪು, ಡೇಟಾಗೆ ಹಸಿರು ಮತ್ತು ಬಿಳಿ. ಅಗ್ಗದ ಕೇಬಲ್ಲುಗಳಲ್ಲಿ, ಪವರ್‌ಬ್ಯಾಂಕ್ ಅಥವಾ ಟ್ರಿಮ್ಮರ್ ಜೊತೆ ಬರುವ ಮೋಟು ಕೇಬಲ್ಲುಗಳಲ್ಲಿ ಹಸಿರು ಮತ್ತು ಬಿಳಿ ತಂತಿ ಹಾಕಿರುವುದೇ ಇಲ್ಲ. ಕರೆಂಟು ಬರುತ್ತದೆ, ಮಾತುಕತೆ ನಡೆಯುವುದಿಲ್ಲ.

ಕಂಪ್ಯೂಟರಿಗೆ ಹೋಗುವ ಚಪ್ಪಟೆ ಮೂತಿಯೊಳಗೆ ಟಾರ್ಚ್ ಬಿಟ್ಟು ನೋಡಿ. ನಾಲ್ಕು ಚಿನ್ನದ ಬಣ್ಣದ ಪಟ್ಟಿಗಳು ಕಾಣಬೇಕು. ಹೊರಗಿನ ಎರಡು ಉದ್ದ, ನಡುವಿನ ಎರಡು ಸ್ವಲ್ಪ ಗಿಡ್ಡ. ಉದ್ದದವು ಕರೆಂಟಿನವು, ಡೇಟಾಗಿಂತ ಮೊದಲು ಅವೇ ತಾಗಲಿ ಎಂದು ಹಾಗೆ ಮಾಡಿದ್ದಾರೆ. ನಡುವಿನ ಎರಡು ಪಟ್ಟಿ ಇಲ್ಲದೇ ಹೋದರೆ ಆ ಕೇಬಲ್ಲನ್ನು ಚಾರ್ಜಿಗೆ ಬಿಟ್ಟುಬಿಡಿ. ಪಟ್ಟಿ ಇದ್ದೂ ಒಳಗೆ ತಂತಿ ಇಲ್ಲದ ಕೇಬಲ್ಲುಗಳೂ ಇವೆ, ಹಾಗಾಗಿ ಕಣ್ಣಿಗೆ ಕಂಡದ್ದೇ ಕೊನೆಯ ತೀರ್ಪಲ್ಲ. ಸಿಕ್ಕಿಸಿದಾಗ ವಿಂಡೋಸ್ ‘ಡಿಂಗ್’ ಎಂದು ಸದ್ದು ಮಾಡುತ್ತದೆಯೇ, ಜೋಡಿಸಿದ ಸಾಧನಗಳನ್ನು ತೋರಿಸುವ ಡಿವೈಸ್ ಮ್ಯಾನೇಜರಿನ ಪಟ್ಟಿ ಒಮ್ಮೆ ಅಲುಗುತ್ತದೆಯೇ ನೋಡಿ. ಎರಡೂ ಇಲ್ಲವೆಂದರೆ ಡ್ರೈವರಿನ ಮಾತೇ ಬೇಡ. ಕೇಬಲ್ ಇಲ್ಲವೇ ಪೋರ್ಟ್.

ಪೋರ್ಟಿನ ಕಾಯಿಲೆ ಹೆಚ್ಚಾಗಿ ಜೇಬಿನ ನೂಲು. ಟೈಪ್-ಸಿ ಪೋರ್ಟಿನ ತಳದಲ್ಲಿ ಪ್ಯಾಂಟಿನ ಜೇಬಿನ ಧೂಳು ಮತ್ತು ಎಳೆ ಸೇರಿ ಫೆಲ್ಟ್ ಬಟ್ಟೆಯ ಹಾಗೆ ಗಟ್ಟಿಯಾಗುತ್ತದೆ. ಕೇಬಲ್ ಕೊನೆಯವರೆಗೆ ಹೋಗಿ ‘ಟಕ್’ ಎನ್ನುವುದಿಲ್ಲ, ಒಂದು ಮಿಲಿಮೀಟರಿನಷ್ಟು ಲೋಹ ಹೊರಗೇ ಉಳಿಯುತ್ತದೆ, ಮುಟ್ಟಿದರೆ ಸಂಪರ್ಕ ಬಿಟ್ಟು ಬಿಟ್ಟು ಬರುತ್ತದೆ. ಫೋನ್ ಆಫ್ ಮಾಡಿ, ಮರದ ಕಡ್ಡಿಯ ತುದಿಯನ್ನು ಚಪ್ಪಟೆಯಾಗಿ ಸೀಳಿ, ನಡುವಿನ ನಾಲಿಗೆಗೆ ತಾಗದಂತೆ ಗೋಡೆಯ ಬದಿಯಿಂದ ಎಬ್ಬಿಸಿ. ಸೂಜಿ, ಸೇಫ್ಟಿ ಪಿನ್ನು ಬೇಡ; ಆ ನಾಲಿಗೆಯ ಮೇಲಿರುವ 24 ಪಿನ್ನುಗಳಲ್ಲಿ ಒಂದು ಎದ್ದು ಬಂದರೂ ಪೋರ್ಟನ್ನೇ ಬದಲಿಸಬೇಕಾಗುತ್ತದೆ.

ಡೆಸ್ಕ್‌ಟಾಪ್ ಆದರೆ ಕ್ಯಾಬಿನೆಟ್ಟಿನ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕಿ. ಮುಂದಿನದು ಮದರ್‌ಬೋರ್ಡಿಗೆ ಒಳಗಿನ ತೆಳು ವೈರಿನಿಂದ ಸೇರಿರುತ್ತದೆ. ಸಣ್ಣ ಫೈಲಿಗೆ ತೊಂದರೆ ಇಲ್ಲ, 45 ಜಿಬಿಯ ನಡುವೆ ಕೈಕೊಡುವುದು ಅದೇ.

ಫೋನಿಗೆ ಹೇಳಬೇಕಾದ ಮಾತು

ಫೋನಿನ ಲಾಕ್ ತೆಗೆದು, ಕೇಬಲ್ ಹಾಕಿ, ಮೇಲಿನ ನೋಟಿಫಿಕೇಶನ್ ಪರದೆ ಎಳೆಯಿರಿ. ‘ಚಾರ್ಜಿಂಗ್ ದಿಸ್ ಡಿವೈಸ್ ವಯಾ ಯುಎಸ್‌ಬಿ’ ಎಂಬಂಥ ಸಾಲು ಇರುತ್ತದೆ. ಅದನ್ನು ಒತ್ತಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಿ. ಆಂಡ್ರಾಯ್ಡ್ ಈಗ ಮೊದಲಿಗೆ ಚಾರ್ಜಿಂಗ್ ಒಂದನ್ನೇ ಕೊಡುತ್ತದೆ, ಎಲ್ಲೋ ಬಸ್‌ಸ್ಟ್ಯಾಂಡಿನ ಪೋರ್ಟಿಗೆ ಸಿಕ್ಕಿಸಿದ ಕೂಡಲೇ ಫೋಟೊ ಸೋರಬಾರದೆಂದು. ಕೇಬಲ್ ಒಮ್ಮೆ ಬಿಚ್ಚಿದರೆ ಮತ್ತೆ ಆರಿಸಬೇಕು. ಇದರ ಜೊತೆಗೇ ಸ್ಕ್ರೀನ್ ಟೈಮ್‌ಔಟ್ ಅನ್ನು 10 ನಿಮಿಷ ಅಥವಾ ಫೋನ್ ಕೊಡುವಷ್ಟು ಹೆಚ್ಚಿಗೆ ಇಡಿ, ಬ್ಯಾಟರಿ ಸೇವರ್ ಆಫ್ ಮಾಡಿ. ಲ್ಯಾಪ್‌ಟಾಪಿಗೂ ಸ್ಲೀಪ್ ಬೇಡ, ಚಾರ್ಜರ್ ಹಾಕಿಯೇ ಇರಲಿ.

ಡಿವೈಸ್ ಮ್ಯಾನೇಜರಿನಲ್ಲಿ ಫೋನ್ ಹಳದಿ ತ್ರಿಕೋನದ ಜೊತೆ ಬಂದರೆ ಆಗ ಡ್ರೈವರಿನ ಸರದಿ. ಅದರ ಮೇಲೆ ರೈಟ್ ಕ್ಲಿಕ್, ‘ಅಪ್‌ಡೇಟ್ ಡ್ರೈವರ್’, ‘ಬ್ರೌಸ್ ಮೈ ಕಂಪ್ಯೂಟರ್’, ‘ಲೆಟ್ ಮಿ ಪಿಕ್’, ಕೊನೆಗೆ ‘ಎಂಟಿಪಿ ಯುಎಸ್‌ಬಿ ಡಿವೈಸ್’ (ಎಂಟಿಪಿ ಎಂದರೆ ಫೋನು ಕಂಪ್ಯೂಟರಿಗೆ ಫೈಲು ಕೊಡುವ ಪದ್ಧತಿ). ಇಂಟರ್ನೆಟ್ಟಿನಿಂದ ಏನೂ ಇಳಿಸಿಕೊಳ್ಳಬೇಕಿಲ್ಲ, ಇದು ವಿಂಡೋಸ್ ಒಳಗೇ ಇದೆ. ಜರ್ಮನಿ, ನೆದರ್ಲೆಂಡ್ಸ್ ಕಡೆ ಇರುವವರು ಒಂದು ನೋಡಿಕೊಳ್ಳಬೇಕು: ಯುರೋಪಿನಲ್ಲಿ ಮಾರುವ ವಿಂಡೋಸ್‌ನ ‘ಎನ್’ ಆವೃತ್ತಿಯಲ್ಲಿ ಎಂಟಿಪಿ ಇರುವುದೇ ಇಲ್ಲ. ಆಪ್ಷನಲ್ ಫೀಚರ್ಸ್‌ಗೆ ಹೋಗಿ ‘ಮೀಡಿಯಾ ಫೀಚರ್ ಪ್ಯಾಕ್’ ಹಾಕಿ ರೀಸ್ಟಾರ್ಟ್ ಮಾಡಿದ ಮೇಲೆಯೇ ಫೋನ್ ಕಾಣುತ್ತದೆ.

ಎಂಟಿಪಿ ಎಂಬ ಕಿರಾಣಿ ಅಂಗಡಿ

ಹಳೆಯ ಆಂಡ್ರಾಯ್ಡ್ ಫೋನು ಪೆನ್‌ಡ್ರೈವಿನ ಹಾಗೆ ಡ್ರೈವ್ ಅಕ್ಷರದೊಂದಿಗೆ ಬರುತ್ತಿತ್ತು. ಆಗ ಇಡೀ ಸ್ಟೋರೇಜ್ ಕಂಪ್ಯೂಟರಿನ ಸುಪರ್ದಿಗೆ ಹೋಗುತ್ತಿತ್ತು, ಅಷ್ಟು ಹೊತ್ತು ಫೋನು ಅದನ್ನು ಮುಟ್ಟುವಂತಿರಲಿಲ್ಲ. 2011ರಲ್ಲಿ ಬಂದ ಆಂಡ್ರಾಯ್ಡ್ 3.0ರಿಂದ ಎಂಟಿಪಿ ಶುರುವಾಯಿತು. ಇದು ಹಳೇ ಕಿರಾಣಿ ಅಂಗಡಿಯ ವ್ಯವಹಾರ: ಗಲ್ಲಾದ ಈಚೆ ನಿಂತು ಚೀಟಿ ಕೊಡಬೇಕು, ಅಂಗಡಿಯವ ಒಳಗೆ ಹೋಗಿ ಒಂದೊಂದೇ ತಂದುಕೊಡುತ್ತಾನೆ. ನಾವೇ ನುಗ್ಗಿ ಚೀಲ ತುಂಬಿಕೊಳ್ಳುವಂತಿಲ್ಲ. ಒಂದು ಹೊತ್ತಿಗೆ ಒಂದೇ ಚೀಟಿ.

ಇದರಿಂದ ಬರುವ ತೊಂದರೆಗಳು ಎಲ್ಲರಿಗೂ ಪರಿಚಿತ, ಕಾರಣ ಮಾತ್ರ ಗೊತ್ತಿರುವುದಿಲ್ಲ. 6,000 ಫೋಟೊ ಇರುವ ‘ಕ್ಯಾಮೆರಾ’ ಫೋಲ್ಡರ್ ತೆರೆದರೆ ಹಸಿರು ಪಟ್ಟಿ ತೆವಳುತ್ತಾ ಕೂರುತ್ತದೆ, ಏಕೆಂದರೆ ವಿಂಡೋಸ್‌ನ ಫೈಲ್ ಕಿಟಕಿಯಾದ ಎಕ್ಸ್‌ಪ್ಲೋರರ್ ಪ್ರತಿ ಫೈಲಿಗೂ ಹೆಸರು, ಗಾತ್ರ, ದಿನಾಂಕ, ಮೇಲಿಂದ ಥಂಬ್‌ನೇಲನ್ನೂ ಕೇಳುತ್ತಿರುತ್ತದೆ. ಆ ಹೊತ್ತಿನಲ್ಲೇ ಕಾಪಿ ಶುರು ಮಾಡಿದರೆ ಎರಡು ಚೀಟಿಗಳ ಜಗಳ, ನಡುವೆ ಫೋನ್ ಮಾಯ. ಹಾಗಾಗಿ ಆ ಫೋಲ್ಡರನ್ನು ತೆರೆಯಲೇಬೇಡಿ. ಅದರ ಮೇಲಿನ ಹಂತದಲ್ಲಿ, ಅಂದರೆ ‘ಡಿಸಿಐಎಂ’ ಒಳಗೆ, ವೀವ್ ಅನ್ನು ‘ಲಿಸ್ಟ್’ ಮಾಡಿ, ಕ್ಯಾಮೆರಾ ಫೋಲ್ಡರನ್ನು ಹಾಗೇ ರೈಟ್ ಕ್ಲಿಕ್ ಮಾಡಿ ಕಾಪಿ ಕೊಡಿ.

ಕಾಪಿ ಎಂದರೆ ಕಾಪಿಯೇ. ‘ಕಟ್’ ಬೇಡ. ಎಂಟಿಪಿಯಲ್ಲಿ ನಿಂತಲ್ಲಿಂದ ಮುಂದುವರಿಸುವ ಸೌಲಭ್ಯ ಇಲ್ಲ. ನಡುವೆ ಕೇಬಲ್ ಅಲುಗಿದರೆ ಯಾವುದು ಅರ್ಧ ಬಂದಿದೆ, ಯಾವುದು ಅತ್ತ ಅಳಿದಿದೆ ಎಂದು ಕೂತು ಹುಡುಕಬೇಕು. ಅಳಿಸುವುದನ್ನು ಕೊನೆಗೆ ಕೈಯಾರೆ ಮಾಡಿದರಾಯಿತು.

ವೇಗದ ಲೆಕ್ಕ ಹೀಗೆ. ಯುಎಸ್‌ಬಿ 2.0 ಹೇಳುವುದು ಸೆಕೆಂಡಿಗೆ 480 ಮೆಗಾಬಿಟ್. ಕೈಗೆ ಸಿಗುವುದು 30ರಿಂದ 40 ಮೆಗಾಬೈಟ್. 30 ಎಂದು ಹಿಡಿದರೆ 45 ಜಿಬಿಗೆ 1,500 ಸೆಕೆಂಡು, 25 ನಿಮಿಷ. ಆದರೆ 4 ಎಂಬಿಯ ಸಾವಿರಾರು ಫೋಟೊಗಳಿಗೆ ಪ್ರತಿಯೊಂದಕ್ಕೂ ಚೀಟಿ ಕೊಟ್ಟು ತೆಗೆದುಕೊಳ್ಳುವ ಹೊತ್ತು ಸೇರುತ್ತದೆ, ಹಾಗಾಗಿ ಒಂದು ಗಂಟೆಯ ಮೇಲೆ ಇಟ್ಟುಕೊಳ್ಳಿ. ಟೈಪ್-ಸಿ ಇದೆ ಎಂದ ಮಾತ್ರಕ್ಕೆ ಯುಎಸ್‌ಬಿ 3 ಅಲ್ಲ. ಟೈಪ್-ಸಿ ಎಂಬುದು ಮೂತಿಯ ಆಕಾರ, ಅಷ್ಟೆ. ಐಫೋನ್ 15ರ ಟೈಪ್-ಸಿ ಒಳಗಿರುವುದು ಯುಎಸ್‌ಬಿ 2 ವೇಗ. 15 ಪ್ರೊದಲ್ಲಿ ಮಾತ್ರ 10 ಗಿಗಾಬಿಟ್, ಅದೂ ಪೆಟ್ಟಿಗೆಯ ಕೇಬಲ್ ಬಿಟ್ಟು ಬೇರೆ ಕೇಬಲ್ ಕೊಂಡರೆ.

ಎಲ್ಲೆಲ್ಲಿ ಅಡಗಿವೆ

ಗ್ಯಾಲರಿ ಆ್ಯಪ್ ಎಲ್ಲವನ್ನೂ ಒಂದೇ ಕಡೆ ತೋರಿಸುವುದರಿಂದ ಫೋಟೊಗಳೆಲ್ಲ ಡಿಸಿಐಎಂನಲ್ಲೇ ಇವೆ ಎಂದುಕೊಳ್ಳುತ್ತೇವೆ. ಕ್ಯಾಮೆರಾದವು ಅಲ್ಲಿವೆ, ಸರಿ. ಸ್ಕ್ರೀನ್‌ಶಾಟ್ ಕೆಲವು ಫೋನಿನಲ್ಲಿ ಡಿಸಿಐಎಂ ಒಳಗೆ, ಕೆಲವದರಲ್ಲಿ ‘ಪಿಕ್ಚರ್ಸ್’ ಒಳಗೆ. ಬ್ರೌಸರಿನಿಂದ ಇಳಿಸಿದ್ದು ‘ಡೌನ್‌ಲೋಡ್’ನಲ್ಲಿ. ಆಂಡ್ರಾಯ್ಡ್ 11ರಿಂದೀಚೆಗೆ ವಾಟ್ಸ್‌ಆ್ಯಪ್‌ನ ಚಿತ್ರಗಳು ‘ಆಂಡ್ರಾಯ್ಡ್’ ಫೋಲ್ಡರ್, ಅದರೊಳಗೆ ‘ಮೀಡಿಯಾ’, ಅದರೊಳಗೆ ‘ಕಾಮ್ ಚುಕ್ಕಿ ವಾಟ್ಸ್‌ಆ್ಯಪ್’ ಹೆಸರಿನ ಫೋಲ್ಡರಿನ ತಳದಲ್ಲಿ ‘ವಾಟ್ಸ್‌ಆ್ಯಪ್ ಇಮೇಜಸ್’ ಎಂದು ಕೂತಿರುತ್ತವೆ. ನಾವು ಕಳಿಸಿದ್ದು ಅದರೊಳಗಿನ ‘ಸೆಂಟ್’ ಎಂಬುದರಲ್ಲಿ. ಮನೆಯ ಹಿರಿಯರ ಫೋನಾದರೆ ಗಾತ್ರದಲ್ಲಿ ದೊಡ್ಡ ಗುಡ್ಡೆ ಇದೇ. ‘ಶುಭೋದಯ’ದ ಹೂವುಗಳನ್ನು ಇಲ್ಲಿಗೆ ಬರುವ ಮುಂಚೆಯೇ ಜರಡಿ ಹಿಡಿದರೆ ಅರ್ಧ ಕೆಲಸ ಉಳಿಯುತ್ತದೆ.

ತರಬಾರದ್ದೂ ಇದೆ. ಚುಕ್ಕಿಯಿಂದ ಶುರುವಾಗುವ ‘ಥಂಬ್‌ನೇಲ್ಸ್’ ಫೋಲ್ಡರಿನಲ್ಲಿ ಸಾವಿರಾರು ಚಿಕ್ಕ ಚಿತ್ರಗಳಿರುತ್ತವೆ, ಅವು ಫೋನು ತನಗಾಗಿ ಮಾಡಿಕೊಂಡವು. ಚುಕ್ಕಿ-ಟ್ರ್ಯಾಶ್ಡ್ ಎಂದು ಶುರುವಾಗುವ ಫೈಲುಗಳು ಗ್ಯಾಲರಿಯಲ್ಲಿ ಅಳಿಸಿ ಬಿನ್‌ಗೆ ಹೋದವು, 30 ದಿನದವರೆಗೆ ಮೂಲ ಫೋಲ್ಡರಿನಲ್ಲೇ ಅಡಗಿರುತ್ತವೆ. ಎಣಿಕೆ ತಾಳೆಯಾಗದಿರಲು ಇವು ಎರಡು ಮುಖ್ಯ ಕಾರಣ. ಮೊದಲೇ ಬಿನ್ ಖಾಲಿ ಮಾಡಿ.

ಇನ್ನೊಂದು ಪೆಟ್ಟು: ಗೂಗಲ್ ಫೋಟೋಸ್‌ನ ‘ಫ್ರೀ ಅಪ್ ಸ್ಪೇಸ್’ ಎಂದಾದರೂ ಒತ್ತಿದ್ದರೆ, ಅಂಥ ಫೋಟೊಗಳು ಆ್ಯಪ್‌ನಲ್ಲಿ ಕಾಣುತ್ತವೆ, ಫೋನಿನಲ್ಲಿ ಇರುವುದಿಲ್ಲ. ಯಾವ ಕೇಬಲ್ಲೂ ಅವನ್ನು ತರಲಾರದು. ಅದಕ್ಕೆ ಗೂಗಲ್ ಟೇಕ್‌ಔಟ್ ಮೂಲಕವೇ ಇಳಿಸಬೇಕು. ಜಿಪ್ ಕಟ್ಟುಗಳಾಗಿ ಬರುತ್ತದೆ, ಪ್ರತಿ ಫೋಟೊದ ಪಕ್ಕ ಒಂದು ಜೇಸನ್ ಫೈಲೂ ಇರುತ್ತದೆ. ಕಸ ಎಂದು ಜೇಸನ್‌ಗಳನ್ನು ಎಸೆಯಬೇಡಿ. ಗೂಗಲ್ ಫೋಟೋಸ್‌ನಲ್ಲೇ ತಿದ್ದಿದ ದಿನಾಂಕ, ಬರೆದ ವಿವರ ಇರುವುದು ಅದರಲ್ಲಿ.

ಇಳಿಸುವ ಜಾಗ ಮತ್ತು ಕನ್ನಡದ ಹೆಸರು

ವಿಂಡೋಸ್ 11ರ ‘ಪಿಕ್ಚರ್ಸ್’ ಫೋಲ್ಡರ್ ಎಷ್ಟೋ ಕಂಪ್ಯೂಟರುಗಳಲ್ಲಿ ಒನ್‌ಡ್ರೈವಿಗೆ ಜೋಡಣೆಯಾಗಿರುತ್ತದೆ. ಅಲ್ಲಿಗೆ 45 ಜಿಬಿ ಸುರಿದರೆ ಉಚಿತದ 5 ಜಿಬಿ ತುಂಬಿ ಕೆಂಪು ಗುರುತು ಬರುತ್ತದೆ, ಅಷ್ಟರೊಳಗೆ ಮೊಬೈಲ್ ಹಾಟ್‌ಸ್ಪಾಟಿನ ದಿನದ ಡೇಟಾವೂ ಮುಗಿದಿರುತ್ತದೆ. ‘ಡಿ’ ಡ್ರೈವಿನಲ್ಲಿ ಹೊಸ ಫೋಲ್ಡರ್ ಮಾಡಿ.

ಹೆಸರು ಕನ್ನಡದಲ್ಲಿ ಇಡಬಹುದೇ? ಧಾರಾಳವಾಗಿ. ಆದರೆ ಲೆಕ್ಕ ಗೊತ್ತಿರಲಿ. ವಿಂಡೋಸ್‌ನಲ್ಲಿ ಡ್ರೈವ್ ಅಕ್ಷರದಿಂದ ಫೈಲಿನ ಬಾಲದವರೆಗಿನ ಇಡೀ ಹಾದಿಗೆ ಮಾಮೂಲಿ ಮಿತಿ 260 ಯೂನಿಟ್. ‘ಶ್ರೀಕೃಷ್ಣಜನ್ಮಾಷ್ಟಮಿ’ ನಮ್ಮ ಕಣ್ಣಿಗೆ ಏಳು ಅಕ್ಷರ. ಕಂಪ್ಯೂಟರಿಗೆ ಮೂಲಾಕ್ಷರ ಬೇರೆ, ಹಲಂತ ಬೇರೆ, ಒತ್ತು ಬೇರೆ, ಸ್ವರಚಿಹ್ನೆ ಬೇರೆ, ಒಟ್ಟು 19. ಲಿನಕ್ಸ್‌ನಲ್ಲಿ ಇನ್ನೂ ಬಿಗಿ: ಒಂದು ಹೆಸರಿಗೆ 255 ಬೈಟ್ ಮಿತಿ, ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್, ಅಂದರೆ 85 ಚಿಹ್ನೆಗೆ ಮುಗಿಯಿತು. ‘2024-01 ಅಜ್ಜಿಮನೆ’ ಎಂಬಷ್ಟು ಚಿಕ್ಕದು ಸಾಕು. ವರ್ಷ ಮತ್ತು ತಿಂಗಳು ಮುಂದೆ ಇದ್ದರೆ ಫೋಲ್ಡರುಗಳು ತಾವೇ ಸಾಲಾಗಿ ನಿಲ್ಲುತ್ತವೆ.

ಕಾಪಿ ಪದೇಪದೇ ಕೈಕೊಟ್ಟರೆ

ಎಂಟಿಪಿ ಮೂರನೇ ಸಲವೂ ಅರ್ಧಕ್ಕೆ ನಿಂತರೆ ಅದರ ಜೊತೆ ಗುದ್ದಾಡುವುದು ಬಿಟ್ಟು ಎಡಿಬಿಗೆ, ಅಂದರೆ ಆಜ್ಞೆ ಬರೆದು ಫೋನಿನ ಫೈಲು ತರಿಸುವ ಗೂಗಲ್‌ನ ತಂತ್ರಾಂಶಕ್ಕೆ, ಹೋಗುವುದು ಮೇಲು. ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ನಲ್ಲಿ ‘ಬಿಲ್ಡ್ ನಂಬರ್’ ಅನ್ನು 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅಲ್ಲಿ ‘ಯುಎಸ್‌ಬಿ ಡಿಬಗ್ಗಿಂಗ್’ ಆನ್ ಮಾಡಿ. ಗೂಗಲ್ ಕೊಡುವ ‘ಪ್ಲಾಟ್‌ಫಾರ್ಮ್ ಟೂಲ್ಸ್’ ಜಿಪ್ ಇಳಿಸಿ ಬಿಚ್ಚಿ, ಆ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು ‘ಎಡಿಬಿ ಡಿವೈಸಸ್’ ಆಜ್ಞೆ ಕೊಟ್ಟರೆ ಫೋನಿನಲ್ಲಿ ‘ಅಲೋ’ ಎಂದು ಕೇಳುತ್ತದೆ. ಒಪ್ಪಿದ ಮೇಲೆ ‘ಪುಲ್’ ಆಜ್ಞೆಯಲ್ಲಿ ಎಸ್‌ಡಿಕಾರ್ಡ್ ಹಾದಿಯಡಿಯ ಡಿಸಿಐಎಂ ಫೋಲ್ಡರನ್ನೂ ಇಳಿಸಬೇಕಾದ ಜಾಗವನ್ನೂ ಹೇಳಿದರಾಯಿತು. ಫೋನಿನಲ್ಲಿ ಕಾರ್ಡೇ ಇಲ್ಲದಿದ್ದರೂ ಒಳಗಿನ ಸ್ಟೋರೇಜಿಗೆ ಆ ಹೆಸರೇ. ಪುಲ್ ಪಕ್ಕ ಒಂದು ಅಡ್ಡಗೆರೆ ಮತ್ತು ಸಣ್ಣಕ್ಷರದ ‘ಎ’ ಸೇರಿಸುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಫೈಲುಗಳ ದಿನಾಂಕವೆಲ್ಲ ಇವತ್ತಿನದಾಗಿಬಿಡುತ್ತದೆ.

ಎಡಿಬಿಯ ಲಾಭ ಎರಡು: ಥಂಬ್‌ನೇಲ್ ಕೇಳುವ ಎಕ್ಸ್‌ಪ್ಲೋರರ್ ನಡುವೆ ಇಲ್ಲ, ಮತ್ತು ಯಾವ ಫೈಲಿನಲ್ಲಿ ನಿಂತಿತು ಎಂದು ಹೆಸರು ಹಿಡಿದು ಹೇಳುತ್ತದೆ. ಯಾವಾಗಲೂ ಒಂದೇ ಫೈಲಿನಲ್ಲಿ ನಿಲ್ಲುತ್ತಿದ್ದರೆ ತಪ್ಪು ಕೇಬಲ್ಲಿನದಲ್ಲ, ಆ ಫೈಲೇ ಕೆಟ್ಟಿದೆ. ಅದನ್ನು ಬೇರೆ ಫೋಲ್ಡರಿಗೆ ಸರಿಸಿ ಮುಂದೆ ಹೋಗಿ. ಕೆಲಸ ಮುಗಿದ ಕೂಡಲೇ ಡಿಬಗ್ಗಿಂಗ್ ಆಫ್ ಮಾಡಿ. ಅದು ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯಲು ಒಪ್ಪುವುದಿಲ್ಲ, ಮತ್ತು ಆ ಹಟ ತಪ್ಪೇನಲ್ಲ.

ಕೇಬಲ್ಲೇ ಬೇಡ ಎನ್ನುವವರಿಗೆ ವೈಫೈ ಮೂಲಕ ಕಳಿಸುವ ಕ್ವಿಕ್ ಶೇರ್, ಲೋಕಲ್‌ಸೆಂಡ್ ಆ್ಯಪ್‌ಗಳಿವೆ. ನೂರು ಫೋಟೊಗೆ ಸೊಗಸು, 45 ಜಿಬಿಗೆ ತಾಳ್ಮೆ ಬೇಕು. ಹಾಸ್ಟೆಲ್, ಆಫೀಸಿನ ವೈಫೈಯಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದ ಹಾಗೆ ತಡೆ ಹಾಕಿರುತ್ತಾರೆ, ಅಲ್ಲಿ ಲೋಕಲ್‌ಸೆಂಡ್ ಎಷ್ಟು ಹುಡುಕಿದರೂ ಕಂಪ್ಯೂಟರ್ ಸಿಗದು. ಫೋನಿನ ಹಾಟ್‌ಸ್ಪಾಟಿಗೇ ಲ್ಯಾಪ್‌ಟಾಪ್ ಸೇರಿಸಿದರೆ ಸಿಗುತ್ತದೆ. ಫೋಟೊ ದಾಟುವುದಕ್ಕೆ ಇಂಟರ್ನೆಟ್ ಖರ್ಚಾಗುವುದಿಲ್ಲ, ಆದರೆ ಆ ಸಂಪರ್ಕವನ್ನು ‘ಮೀಟರ್ಡ್’ (ಡೇಟಾಗೆ ಮಿತಿ ಇರುವುದು) ಎಂದು ಗುರುತಿಸದಿದ್ದರೆ ವಿಂಡೋಸ್ ಅಪ್‌ಡೇಟ್ ನುಸುಳಿ ಡೇಟಾ ನುಂಗುತ್ತದೆ. ಬ್ಲೂಟೂತ್ ಬಗ್ಗೆ ಹೇಳುವುದೇನಿಲ್ಲ. ಒಂದು ಫೋಟೊಗೆ ಅರ್ಧ ನಿಮಿಷ.

ಮ್ಯಾಕ್ ಇದ್ದರೆ ಗೂಗಲ್‌ನ ಹಳೆಯ ಆಂಡ್ರಾಯ್ಡ್ ಫೈಲ್ ಟ್ರಾನ್ಸ್‌ಫರ್ ಹುಡುಕಬೇಡಿ, ಅದನ್ನು 2024ರಲ್ಲಿ ಕೈಬಿಟ್ಟಾಗಿದೆ. ಓಪನ್‌ಎಂಟಿಪಿ ಉಚಿತವಾಗಿ ಸಿಗುತ್ತದೆ.

ಐಫೋನಿನ ರಗಳೆ

ಕೇಬಲ್ ಹಾಕಿ, ಲಾಕ್ ತೆಗೆದು, ‘ಟ್ರಸ್ಟ್ ದಿಸ್ ಕಂಪ್ಯೂಟರ್’ಗೆ ಒಪ್ಪಿ ಪಾಸ್‌ಕೋಡ್ ಕೊಡಬೇಕು. ಡಿಸಿಐಎಂ ಖಾಲಿ ಕಂಡರೆ ಹತ್ತರಲ್ಲಿ ಎಂಟು ಸಲ ಈ ಒಪ್ಪಿಗೆ ಬಾಕಿ ಉಳಿದಿರುತ್ತದೆ. ವಿಂಡೋಸ್‌ನಲ್ಲಿ ‘ಆ್ಯಪಲ್ ಡಿವೈಸಸ್’ ಆ್ಯಪ್ ಹಾಕಿದ್ದರೆ ಡ್ರೈವರ್ ಅದರ ಜೊತೆಗೇ ಬರುತ್ತದೆ.

ಆಮೇಲೆ ಬರುವುದು ಆ ಪ್ರಸಿದ್ಧ ಸಂದೇಶ: ಕಾಪಿಯ ನಡುವೆ ‘ಎ ಡಿವೈಸ್ ಅಟ್ಯಾಚ್ಡ್ ಟು ದ ಸಿಸ್ಟಮ್ ಈಸ್ ನಾಟ್ ಫಂಕ್ಷನಿಂಗ್’. ಓದಿದರೆ ಫೋನೇ ಹಾಳಾದಂತೆ ಅನಿಸುತ್ತದೆ. ಆಗಿರುವುದು ಬೇರೆ. 2017ರ ಐಒಎಸ್ 11ರಿಂದ ಐಫೋನ್ ಫೋಟೊಗಳನ್ನು ಹೆಚ್‌ಇಐಸಿ ರೂಪದಲ್ಲಿ ಇಡುತ್ತದೆ. ಕಂಪ್ಯೂಟರಿಗೆ ಕೊಡುವಾಗ ‘ಆಟೋಮ್ಯಾಟಿಕ್’ ಎಂಬ ಆಯ್ಕೆ ಇದ್ದರೆ ಪ್ರತಿಯೊಂದನ್ನೂ ಆ ಕ್ಷಣದಲ್ಲೇ ಜೆಪೆಗ್ ಮಾಡಿ ಕೊಡಲು ನೋಡುತ್ತದೆ. ದೊಡ್ಡ ವಿಡಿಯೊ ಬಂದಾಗ ಪರಿವರ್ತನೆ ತಡವಾಗುತ್ತದೆ, ವಿಂಡೋಸ್ ಕಾದು ಬೇಸತ್ತು ಕೈಬಿಡುತ್ತದೆ. ಸೆಟ್ಟಿಂಗ್ಸ್‌ನ ಫೋಟೋಸ್‌ಗೆ ಹೋಗಿ (ಐಒಎಸ್ 18ರಿಂದ ಇದು ಆ್ಯಪ್ಸ್ ಒಳಗಿದೆ) ತೀರಾ ಕೆಳಗೆ ‘ಟ್ರಾನ್ಸ್‌ಫರ್ ಟು ಮ್ಯಾಕ್ ಆರ್ ಪಿಸಿ’ ಅಡಿಯಲ್ಲಿ ‘ಕೀಪ್ ಒರಿಜಿನಲ್ಸ್’ ಆರಿಸಿ, ಕೇಬಲ್ ಬಿಚ್ಚಿ ಮತ್ತೆ ಹಾಕಿ. ಸಂದೇಶ ನಿಲ್ಲುತ್ತದೆ, ಮೂಲ ಗುಣಮಟ್ಟವೂ ಉಳಿಯುತ್ತದೆ. ಹೆಚ್‌ಇಐಸಿ ತೆರೆಯಲು ಮೈಕ್ರೋಸಾಫ್ಟ್ ಸ್ಟೋರಿನ ‘ಹೆಚ್‌ಇಐಎಫ್ ಇಮೇಜ್ ಎಕ್ಸ್‌ಟೆನ್ಷನ್ಸ್’ ಉಚಿತ. ಜೊತೆಗೆ ಬೇಕಾಗುವ ಹೆಚ್‌ಇವಿಸಿ ವಿಡಿಯೊ ಎಕ್ಸ್‌ಟೆನ್ಷನ್ನಿಗೆ ಸಣ್ಣ ಮೊತ್ತ ಕೇಳುತ್ತಾರೆ.

ಇನ್ನೊಂದು ಅಪಾಯ ಹೆಸರಿನದು. ಐಫೋನಿನ ಫೈಲುಗಳಿಗೆ ಐಎಂಜಿ ಮತ್ತು ನಾಲ್ಕಂಕಿಯ ಸಂಖ್ಯೆ. 9999 ಆದ ಮೇಲೆ ಮತ್ತೆ ಮೊದಲಿಂದ. ಬೇರೆ ಬೇರೆ ಫೋಲ್ಡರುಗಳನ್ನು ತಂದು ಒಂದರಲ್ಲೇ ಸುರಿದರೆ, 2019ರ ಫೋಟೊ ಮತ್ತು 2023ರ ಫೋಟೊ ಒಂದೇ ಹೆಸರಿನಲ್ಲಿ ಎದುರಾಗುತ್ತವೆ. ವಿಂಡೋಸ್ ಕೇಳುವ ‘ರಿಪ್ಲೇಸ್’ ಒತ್ತಿದರೆ ಹಳೆಯದು ಹೋಯಿತು. ಫೋಲ್ಡರುಗಳನ್ನು ಇದ್ದ ಹಾಗೇ ತನ್ನಿ; ಒಟ್ಟುಗೂಡಿಸುವ ಮುಂಚೆ ಹೆಸರು ಬದಲಿಸಿ. ಒಂದೇ ಹೆಸರಿನ ಹೆಚ್‌ಇಐಸಿ ಮತ್ತು ಎಂಒವಿ ಜೋಡಿ ಕಂಡರೆ ಅದು ಲೈವ್ ಫೋಟೊ, ಎರಡನೆಯದನ್ನು ಹೆಚ್ಚುವರಿ ಎಂದು ಅಳಿಸಬೇಡಿ. ಐಕ್ಲೌಡ್‌ನಲ್ಲಿ ‘ಆಪ್ಟಿಮೈಸ್ ಐಫೋನ್ ಸ್ಟೋರೇಜ್’ ಆನ್ ಇದ್ದರೆ ಮೂಲಗಳು ಫೋನಿನಲ್ಲಿ ಇರದಿರಬಹುದು. ಅವನ್ನು ಐಕ್ಲೌಡ್ ಜಾಲತಾಣದಿಂದಲೇ ಇಳಿಸಬೇಕು.

ದಿನಾಂಕ ತಪ್ಪಿದಾಗ

ಕಂಪ್ಯೂಟರಿನಲ್ಲಿ ಎಲ್ಲ ಫೋಟೊಗೂ ಇವತ್ತಿನ ದಿನಾಂಕ ಕಂಡರೆ ಗಾಬರಿ ಬೇಡ. ಎಕ್ಸ್‌ಪ್ಲೋರರ್ ತೋರಿಸುತ್ತಿರುವುದು ಫೈಲು ಈ ಡಿಸ್ಕಿಗೆ ಬಂದ ದಿನ. ತಲೆಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಡೇಟ್ ಟೇಕನ್’ ಕಾಲಮ್ ಸೇರಿಸಿ. ಕ್ಯಾಮೆರಾ ಬರೆದ ದಿನಾಂಕ ಎಕ್ಸಿಫ್‌ನಲ್ಲಿ, ಅಂದರೆ ಫೋಟೊ ಫೈಲಿನೊಳಗಿನ ವಿವರಗಳ ಪಟ್ಟಿಯಲ್ಲಿ, ಹಾಗೇ ಇರುತ್ತದೆ.

ವಾಟ್ಸ್‌ಆ್ಯಪ್‌ನಿಂದ ಬಂದ ಚಿತ್ರಗಳಲ್ಲಿ ಆ ಕಾಲಮ್ ಖಾಲಿ. ವಾಟ್ಸ್‌ಆ್ಯಪ್ ಎಕ್ಸಿಫ್ ಕಿತ್ತುಹಾಕಿಯೇ ಕಳಿಸುತ್ತದೆ. ಉಳಿಯುವ ಸುಳಿವು ಹೆಸರಿನಲ್ಲಿ ಮಾತ್ರ: ಐಎಂಜಿ-20230514-ಡಬ್ಲ್ಯುಎ0003 ಎಂದರೆ 2023ರ ಮೇ 14ರಂದು ಬಂದದ್ದು. ಗಮನಿಸಿ, ತೆಗೆದದ್ದಲ್ಲ, ಬಂದದ್ದು. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಿಂದ ಹೆಸರಿನೊಳಗಿನ ದಿನಾಂಕವನ್ನು ಎಕ್ಸಿಫ್‌ಗೆ ಬರೆಸಬಹುದು. ಆದರೆ ಕೊನೆಯ 0003 ಅನ್ನೂ ಸಮಯ ಎಂದು ಓದಿಕೊಳ್ಳದ ಹಾಗೆ ಡಬ್ಲ್ಯುಎ ನಂತರದ್ದನ್ನು ಕತ್ತರಿಸಿ, ಸಮಯಕ್ಕೆ ಮಧ್ಯಾಹ್ನ 12 ಎಂದು ಗೊತ್ತುಮಾಡಿ ಕೊಡಿ. ಅದು ತಾನೇ ಪ್ರತಿ ಫೈಲಿನ ಹಳೆಯ ಪ್ರತಿಯನ್ನು ‘ಒರಿಜಿನಲ್’ ಎಂಬ ಬಾಲದೊಂದಿಗೆ ಇಟ್ಟುಕೊಳ್ಳುವುದರಿಂದ ಜಾಗ ಎರಡು ಪಟ್ಟು ಬೇಕು.

ವಿಡಿಯೊಗಳದ್ದು ಇನ್ನೊಂದು ಚೇಷ್ಟೆ. ಫೋಟೊದ ಎಕ್ಸಿಫ್‌ನಲ್ಲಿ ಸ್ಥಳೀಯ ಸಮಯ ಇರುತ್ತದೆ, ಎಂಪಿ4 ವಿಡಿಯೊದೊಳಗೆ ಯುಟಿಸಿ ಎಂಬ ಜಾಗತಿಕ ಸಮಯ. ನಮಗೂ ಅದಕ್ಕೂ ಐದೂವರೆ ಗಂಟೆ ಅಂತರ. ಬೆಳಗಿನ ಜಾವ 4:30ರ ಮುಹೂರ್ತದಲ್ಲಿ ತೆಗೆದ ತಾಳಿ ಕಟ್ಟುವ ವಿಡಿಯೊ, ಇದನ್ನು ಲೆಕ್ಕಕ್ಕೆ ಹಿಡಿಯದ ತಂತ್ರಾಂಶದಲ್ಲಿ ಹಿಂದಿನ ರಾತ್ರಿ 11 ಗಂಟೆಗೆ ಹೋಗಿ ಕೂರುತ್ತದೆ. ಆರತಕ್ಷತೆಯ ಊಟದ ಫೋಟೊಗಳ ನಡುವೆ ತಾಳಿ. ಪಿಕ್ಸೆಲ್ ಫೋನುಗಳಲ್ಲಿ ಫೋಟೊದ ಫೈಲ್ ಹೆಸರೇ ಯುಟಿಸಿಯಲ್ಲಿರುತ್ತದೆ, ಹಾಗಾಗಿ ಆ ಫೋನಿನ ಫೋಟೊಗಳನ್ನು ಹೆಸರಿನ ಪ್ರಕಾರ ಬೇರೆ ಫೋನಿನವುಗಳ ಜೊತೆ ಸಾಲು ಮಾಡಬೇಡಿ.

ಟಚ್ ಸತ್ತ ಫೋನು

ಚಿತ್ರ ಕಾಣುತ್ತದೆ, ಮುಟ್ಟಿದರೆ ಕೇಳುವುದಿಲ್ಲ. ಮೊದಲ ನಿಯಮ: ಆಫ್ ಮಾಡಬೇಡಿ, ರೀಸ್ಟಾರ್ಟ್ ಮಾಡಬೇಡಿ. ಆನ್ ಆಗಿರುವಷ್ಟು ಹೊತ್ತು ಬೆರಳಚ್ಚಿನಿಂದ ಲಾಕ್ ತೆಗೆಯಬಹುದು. ರೀಸ್ಟಾರ್ಟ್ ಆದರೆ ಪಿನ್ ಅಥವಾ ಪ್ಯಾಟರ್ನ್ ಕೊಡಲೇಬೇಕು, ಕೊಡಲು ಟಚ್ ಇಲ್ಲ.

ಫೋನಿನ ಪೋರ್ಟಿಗೆ ಮೌಸ್, ಪೆನ್‌ಡ್ರೈವ್ ಸಿಕ್ಕಿಸಲು ಬಿಡುವ ಒಂದು ಒಟಿಜಿ ಅಡಾಪ್ಟರ್, ಒಂದು ವೈರಿನ ಮೌಸ್ ಸಾಕು. ಸಿಕ್ಕಿಸಿದ ಒಂದೆರಡು ಸೆಕೆಂಡಿನಲ್ಲಿ ಪರದೆಯ ಮೇಲೆ ಬಾಣದ ಗುರುತು ಬರುತ್ತದೆ, ಎಡಗುಂಡಿ ಒತ್ತಿ ಎಳೆದರೆ ಪ್ಯಾಟರ್ನೂ ಬಿಡಿಸಬಹುದು. ಕೆಲವು ಕಂಪನಿಗಳ ಫೋನಿನಲ್ಲಿ ಒಟಿಜಿಯನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿದ್ದರೆ ಮಾತ್ರ ಮೌಸ್ ಓಡುತ್ತದೆ, ಬಳಸದೆ ಬಿಟ್ಟರೆ ತಾನೇ ಆಫ್ ಆಗಿಬಿಡುತ್ತದೆ. ಅಂಥದ್ದರಲ್ಲಿ ಈ ದಾರಿ ಮುಚ್ಚಿದ ಹಾಗೆ.

ಈಗ ಇಕ್ಕಟ್ಟು: ಪೋರ್ಟು ಒಂದೇ, ಅದರಲ್ಲಿ ಮೌಸ್ ಇದೆ, ಕಂಪ್ಯೂಟರಿನ ಕೇಬಲ್ ಎಲ್ಲಿಗೆ? ವೈರಿನ ಮೌಸ್ ಬಳಸಿ ಒಂದು ಬ್ಲೂಟೂತ್ ಮೌಸನ್ನು ಫೋನಿಗೆ ಜೋಡಿಸಿ. ಅದು ಓಡುತ್ತಿದೆ ಎಂದು ಖಾತರಿಯಾದ ಮೇಲೆ ವೈರಿನದನ್ನು ತೆಗೆದು ಕಂಪ್ಯೂಟರಿನ ಕೇಬಲ್ ಹಾಕಿ, ಬ್ಲೂಟೂತ್ ಮೌಸಿನಿಂದ ನೋಟಿಫಿಕೇಶನ್ ಎಳೆದು ‘ಫೈಲ್ ಟ್ರಾನ್ಸ್‌ಫರ್’ ಒತ್ತಿ. ಬ್ಲೂಟೂತ್ ಮೌಸ್ ಇಲ್ಲದಿದ್ದರೆ ವೈರಿನ ಮೌಸಿನಿಂದಲೇ ಲೋಕಲ್‌ಸೆಂಡ್ ತೆರೆದು ವೈಫೈಯಲ್ಲಿ ಕಳಿಸಿ. ಯುಎಸ್‌ಬಿ ಹಬ್ ಇದ್ದರೆ ಮೌಸ್ ಮತ್ತು ಪೆನ್‌ಡ್ರೈವ್ ಎರಡನ್ನೂ ಒಟ್ಟಿಗೆ ಹಾಕಬಹುದು. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ವಿಡಿಯೊ ಮಾತ್ರ ಹಿಡಿಯದು.

ಪರದೆಯೇ ಕಪ್ಪಾಗಿದ್ದರೆ ಅಂಗಡಿಗೆ ಹೋಗುವುದೇ ದಾರಿ. ಹೊಸ ಕಾಂಬೊ (ಡಿಸ್‌ಪ್ಲೇ ಮತ್ತು ಟಚ್ ಜೋಡಿ) ಅಂಟಿಸಿ ಕೂರಿಸಬೇಕೆಂದೇನಿಲ್ಲ. ಪರೀಕ್ಷೆಗೆ ಇಟ್ಟುಕೊಂಡ ಡಿಸ್‌ಪ್ಲೇಯ ಕನೆಕ್ಟರನ್ನು ಬೋರ್ಡಿಗೆ ಒತ್ತಿ, ಹಾಗೇ ತೂಗಾಡುವಂತೆ ಬಿಟ್ಟು ಲಾಕ್ ತೆಗೆದು ಫೋಟೊ ಇಳಿಸಿಕೊಡಿ ಎಂದು ಕೇಳಿ. ಬ್ಯಾಟರಿ ಕನೆಕ್ಟರ್ ಬಿಚ್ಚಿಯೇ ಇದನ್ನು ಮಾಡುವುದರಿಂದ ಫೋನ್ ಹೊಸದಾಗಿ ಬೂಟ್ ಆಗುತ್ತದೆ, ಪಿನ್ ನೆನಪಿರಲೇಬೇಕು. ಮೆಮೊರಿ ಚಿಪ್ ಕಿತ್ತು ಓದಿಕೊಡುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ. ಆಂಡ್ರಾಯ್ಡ್ 10 ಅಥವಾ ಅದರ ನಂತರದ ಆವೃತ್ತಿಯೊಂದಿಗೆ ಮಾರುಕಟ್ಟೆಗೆ ಬಂದ ಫೋನುಗಳಲ್ಲಿ ಡೇಟಾ ಗೂಢಲಿಪಿಯಲ್ಲಿರುವುದು ಕಡ್ಡಾಯ, ಕೀಲಿ ಅದೇ ಫೋನಿನ ಪ್ರೊಸೆಸರಿಗೆ ಕಟ್ಟಿಹಾಕಿದೆ. ಬೇರೆಡೆ ಇಟ್ಟ ಚಿಪ್ಪಿನಿಂದ ಬರುವುದು ಅರ್ಥವಿಲ್ಲದ ಬೈಟುಗಳು.

ಕೊನೆಯ ಎಣಿಕೆ

ಫೋನಿನ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್. ಸಂಖ್ಯೆ ಓಡುತ್ತಾ ಹೋಗಿ ನಿಲ್ಲುವವರೆಗೆ ಕಾಯಿರಿ. ಕಂಪ್ಯೂಟರಿನ ಪ್ರತಿಯದ್ದೂ ಹಾಗೇ. ಫೈಲುಗಳ ಸಂಖ್ಯೆ ಮತ್ತು ‘ಸೈಜ್’ ಸಾಲಿನ ಬೈಟುಗಳನ್ನು ಹೋಲಿಸಿ. ‘ಸೈಜ್ ಆನ್ ಡಿಸ್ಕ್’ ಎಂಬುದು ಡಿಸ್ಕಿನ ಕ್ಲಸ್ಟರ್ ಲೆಕ್ಕ, ಅದು ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ 45 ಜಿಬಿ ಇದ್ದದ್ದು ವಿಂಡೋಸ್‌ನಲ್ಲಿ 41.9 ಎಂದು ಕಂಡರೂ ಮೂರು ಜಿಬಿ ಕಳೆದುಹೋಗಿಲ್ಲ. ಫೋನು ಸಾವಿರದ ಲೆಕ್ಕದಲ್ಲಿ ಭಾಗಿಸುತ್ತದೆ, ವಿಂಡೋಸ್ 1,024ರ ಲೆಕ್ಕದಲ್ಲಿ.

ಆಮೇಲೆ ಗಾತ್ರದ ಪ್ರಕಾರ ಸಾಲು ಮಾಡಿ ತೀರಾ ಚಿಕ್ಕವನ್ನು ನೋಡಿ. ಶೂನ್ಯ ಬೈಟಿನ ಫೈಲಿದ್ದರೆ ಅದು ಹೆಸರು ಮಾತ್ರ ಬಂದದ್ದು. ಅರ್ಧ ಬಂದ ಜೆಪೆಗ್ ತೆರೆದುಕೊಳ್ಳುತ್ತದೆ: ಮೇಲೆ ಮುಖ, ಎದೆಯಿಂದ ಕೆಳಗೆ ಬೂದು ಬಣ್ಣದ ಗೋಡೆ. ಅರ್ಧ ಬಂದ ಎಂಪಿ4 ಸಾಮಾನ್ಯವಾಗಿ ತೆರೆಯುವುದೇ ಇಲ್ಲ, ಯಾವ ಫ್ರೇಮ್ ಎಲ್ಲಿದೆ ಎಂಬ ಸೂಚಿಯನ್ನು ಫೋನಿನ ಕ್ಯಾಮೆರಾ ಫೈಲಿನ ಬಾಲದಲ್ಲಿ ಬರೆದಿರುತ್ತದೆ. ಹಾಗಾಗಿ ಅತಿ ದೊಡ್ಡ ಮೂರ್ನಾಲ್ಕು ವಿಡಿಯೊಗಳನ್ನು ತೆರೆದು ಕೊನೆಯ ಹತ್ತು ಸೆಕೆಂಡಿಗೆ ಹಾರಿಸಿ ನೋಡಿ. ಓಡಿದರೆ ಹೊರಗಿನ ಹಾರ್ಡ್‌ಡಿಸ್ಕಿಗೆ ಎರಡನೇ ಪ್ರತಿ ಮಾಡಿ. ಇಲ್ಲಿ ಎರಡೂ ಕಡೆ ಡ್ರೈವ್ ಅಕ್ಷರ ಇರುವುದರಿಂದ ವಿಂಡೋಸ್ ಒಳಗೇ ಇರುವ ಕಾಪಿ ಆಜ್ಞೆ ರೋಬೋಕಾಪಿ ಕೆಲಸ ಮಾಡುತ್ತದೆ, ನಡುವೆ ನಿಂತರೂ ಮತ್ತೆ ಓಡಿಸಿದಾಗ ಬಂದ ಫೈಲುಗಳನ್ನು ಬಿಟ್ಟು ಉಳಿದವನ್ನು ತರುತ್ತದೆ. ಹಾರ್ಡ್‌ಡಿಸ್ಕನ್ನು ‘ಇಜೆಕ್ಟ್’ ಮಾಡಿ ಬಿಚ್ಚಿ, ಮತ್ತೆ ಸಿಕ್ಕಿಸಿ, ಅಲ್ಲಿಯೂ ಸಂಖ್ಯೆ ನೋಡಿ. ಮೂರೂ ಕಡೆ ಒಂದೇ ಬಂದರೆ ಫೋನಿನಲ್ಲಿ ಅಳಿಸಬಹುದು; ಅಳಿಸಿದ ಮೇಲೂ ಜಾಗ ಖಾಲಿಯಾಗದಿದ್ದರೆ ಗ್ಯಾಲರಿಯ ಬಿನ್ ನೋಡಿ, 45 ಜಿಬಿಯೂ ಅಲ್ಲೇ ಕೂತಿರುತ್ತದೆ.